ಅಕ್ಕೂರು ಸೀಮೆಯ ಗಾಳ, ಕೂಳಿ, ಬಲೆ

ಚನ್ನಪಟ್ಟಣವೆಂದೊಡನೆ ಅರಗಿನ ಬಣ್ಣದ ಬೊಂಬೆಗಳನ್ನೂ, ರಾಮನಗರವೆಂದೊಡನೆ ರೇಷ್ಮೆಗೂಡಿನ ಮಾರುಕಟ್ಟೆಯನ್ನೂ, ಮಾಗಡಿಯೆಂದೊಡನೆ ಕೆಂಪೇಗೌಡರನ್ನೂ, ಕನಕಪುರವೆಂದೊಡನೆ ಕಾವೇರಿ ಅರ್ಕಾವತಿಗಳ ಸಂಗಮವನ್ನೂ ನೆನೆಯುವುದು ನಮ್ಮ ಜನರಿಗೆ ರೂಢಿಯಾಗಿದೆ. ಈ ಸೀಮೆಯ ವೃತ್ತಾಂತವನ್ನು ಬರೆದಿಟ್ಟವರೂ ಪೇಟೆಗೆ ಬಂದ ಸರಕುಗಳನ್ನು ಕುರಿತೇ ಬಹುಮಟ್ಟಿಗೆ ಬರೆದಿದ್ದಾರೆ. ಪೇಟೆಗೆ ಬಂದ ವಸ್ತುವಿಗೆ ಸುಂಕವಿತ್ತು, ಸುಂಕವಿದ್ದೆಡೆ ಲೆಕ್ಕವಿತ್ತು, ಲೆಕ್ಕವಿದ್ದೆಡೆ ಚರಿತ್ರೆಯೂ ಉಳಿಯಿತು. ಆದರೆ ಮನೆಯ ಜಗಲಿಯ ಮೇಲೆ ಹುಟ್ಟಿ, ಮನೆಯ ಅಟ್ಟದಲ್ಲಿ ಒಣಗಿ, ಊರ ಮುಂದಣ ಕೆರೆಯಲ್ಲಿ ದುಡಿದು, ಕಡೆಗೆ ಒಲೆಯ ಉರುವಲಾಗಿ ಮುಗಿದುಹೋಗುತ್ತಿದ್ದ ಗಾಳದ ಕೋಲು, ಬಿದಿರಿನ ಕೂಳಿ, ನೂಲಿನ ಬಲೆಗಳಿಗೆ ಸುಂಕವೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ಅವುಗಳನ್ನು ಮಾಡಿದ ಕೈಗಳ ಜ್ಞಾನವು ಯಾವ ಶಾಸ್ತ್ರಕ್ಕೂ ಕಡಮೆಯದಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಆ ಜ್ಞಾನದ ಗತಚರಿತ್ರೆಯನ್ನು ಅಕ್ಕೂರಿನ ಸುತ್ತಣ ಪ್ರದೇಶವನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಅಕ್ಕೂರು ಚನ್ನಪಟ್ಟಣ ತಾಲ್ಲೂಕಿಗೆ ಸೇರಿದ ಗ್ರಾಮ. ಈ ತಾಲ್ಲೂಕಿನ ನೆಲವೆಂದರೆ ಹೆಬ್ಬಂಡೆಗಳ ಮೇಲೆ ಹರಡಿದ ಕೆಮ್ಮಣ್ಣು. ರಾಗಿಗೆ ಒಗ್ಗುವ ಹೊಲ, ಕೆರೆಯ ಕೆಳಗೆ ಮಾತ್ರ ಗದ್ದೆ. ಕಣ್ವ ಹೊಳೆ ಶಿಂಷೆಯನ್ನೂ, ಶಿಂಷೆ ಕಾವೇರಿಯನ್ನೂ ಸೇರುತ್ತವೆಯಾದರೂ ಇಲ್ಲಿನ ಹಳ್ಳಗಳು ವರ್ಷವೆಲ್ಲ ಹರಿಯತಕ್ಕವಲ್ಲ. ಆದಕಾರಣ ನಮ್ಮ ಪೂರ್ವಿಕರು ಇಳಿಜಾರಿನುದ್ದಕ್ಕೂ ಮಣ್ಣಿನ ಏರಿಗಳನ್ನು ಹಾಕಿ, ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಸಲ್ಲುವಂತೆ ಕೆರೆಗಳ ಸರಪಣಿಯನ್ನು ನಿರ್ಮಿಸಿದರು. ನೀರಿಗಾಗಿ ಮಾಡಿದ ಈ ಏರ್ಪಾಡು ಮೀನಿಗೂ ಹಾದಿಯಾಯಿತು. ರೋಹಿಣಿ ಮಳೆ ಬಿದ್ದು ಹಳ್ಳಗಳಲ್ಲಿ ಮೊದಲ ಕೆನ್ನೀರು ಹರಿದಾಗ ಕೆರೆಯ ಮೀನು ಮೊಟ್ಟೆಯಿಡುವ ತವಕದಿಂದ ಪ್ರವಾಹಕ್ಕೆ ಎದುರಾಗಿ ಮೇಲೇರುತ್ತದೆ. ಹಸ್ತ ಚಿತ್ತೆಗಳ ಮಳೆಗೆ ಕೆರೆ ತುಂಬಿ ಕೋಡಿ ಬಿದ್ದಾಗ ಮಿಕ್ಕ ನೀರಿನೊಡನೆ ಕೆಳಗಿಳಿದು ಮುಂದಣ ಕೆರೆಯನ್ನು ಸೇರುತ್ತದೆ. ಗದ್ದೆಯ ನೀರು ಬಸಿದುಹೋಗುವ ಕಾಲಕ್ಕೆ ಕಾಲುವೆಯ ಗುಂಡಿಗಳಲ್ಲಿ ಕೂಡಿಕೊಳ್ಳುತ್ತದೆ. ಬೇಸಗೆಯಲ್ಲಿ ಕೆರೆಯ ನಡುವಣ ಮಡುವಿಗೆ ಸರಿಯುತ್ತದೆ. ಅದೂ ಬತ್ತುತ್ತ ಬಂದರೆ ಕೊರವ, ಕುಚ್ಚುಗಳಂಥ ಗಟ್ಟಿಜೀವದ ಮೀನುಗಳು ಕೆಸರಿನಲ್ಲಿ ಹುದುಗಿ, ಮೇಲೆದ್ದು ಗಾಳಿಯನ್ನೇ ಉಸಿರಾಡಿ ಮುಂದಿನ ಮಳೆಯವರೆಗೆ ಪ್ರಾಣ ಹಿಡಿದುಕೊಂಡಿರುತ್ತವೆ. ಈ ಐದು ಸ್ಥಿತಿಗಳಿಗೂ ಒಂದೇ ಸಾಧನ ಒದಗುವುದಿಲ್ಲ. ಹರಿವ ನೀರಿನದು ಒಂದು ಪರಿಯಾದರೆ ನಿಂತ ನೀರಿನದು ಇನ್ನೊಂದು ಪರಿ, ಕೆಸರಿನದಂತೂ ಬೇರೆಯೇ. ಒಂದೊಂದು ನೀರಿಗೆ ಒಂದೊಂದು ಸಾಧನವನ್ನು ಊರಿನವರು ತಾವೇ ಕಲ್ಪಿಸಿಕೊಂಡರು.

ಇವುಗಳಲ್ಲಿ ನನಗೆ ಅತ್ಯಂತ ಆದರಣೀಯವಾದುದು ಕೂಳಿ. ನೋಡುವವರ ಕಣ್ಣಿಗೆ ಅದೊಂದು ಉದ್ದನೆಯ ಬಿದಿರ ಬುಟ್ಟಿ. ಒಂದು ಕಡೆ ಅಗಲವಾದ ಬಾಯಿ, ಇನ್ನೊಂದು ಕಡೆ ಕಿರಿದಾಗುತ್ತ ಹೋಗಿ ಕಟ್ಟಿಹಾಕಿದ ತುದಿ. ಒಳಗೆ ಕೈಯಿಟ್ಟು ನೋಡಿದವರಿಗೆ ಅದರ ಮರ್ಮ ತಿಳಿಯುತ್ತದೆ. ಬಾಯಿಯಿಂದ ಒಳಮುಖವಾಗಿ, ತುದಿಯನ್ನು ಚೂಪು ಮಾಡಿದ ತೆಳುವಾದ ಸೀಳುಕಡ್ಡಿಗಳನ್ನು ಸುತ್ತಲೂ ಕಟ್ಟಿ, ಅವೆಲ್ಲವೂ ನಡುವೆ ಒಂದೆಡೆ ಕೂಡುವಂತೆ ಮಾಡಿರುತ್ತಾರೆ. ಒಳಕ್ಕೆ ಹೋಗುವ ಮೀನಿಗೆ ಆ ಕಡ್ಡಿಗಳು ಬಾಗಿ ದಾರಿ ಕೊಡುತ್ತವೆ. ಹಿಂದಿರುಗಲು ಬಯಸಿದ ಮೀನಿಗೆ ಅವೇ ಮುಳ್ಳಾಗಿ ಎದುರಾಗುತ್ತವೆ. ಕಡ್ಡಿ ದಪ್ಪವಾದರೆ ಬಾಗುವುದಿಲ್ಲ, ಮೀನು ಒಳಕ್ಕೆ ಹೊಗುವುದಿಲ್ಲ. ತೀರ ತೆಳುವಾದರೆ ಎರಡು ದಿನ ನೀರಿನಲ್ಲಿ ನೆನೆದು ಬಲಗುಂದಿ, ಒಳಹೊಕ್ಕ ಮೀನು ಹೊರಕ್ಕೆ ನುಗ್ಗಿ ಹೋಗುತ್ತದೆ. ಇವೆರಡರ ನಡುವಣ ಹದವನ್ನು ಬೆರಳೇ ಬಲ್ಲುದು. ಹೊರಗಣ ಹೆಣಿಗೆಯಲ್ಲಿ ಬಿಡುವ ಸಂದಿಗೂ ಲೆಕ್ಕವುಂಟು: ನೀರು ಸರಾಗವಾಗಿ ಹೋಗಬೇಕು, ಸಾಸಲಿನಂಥ ಕಿರುಮೀನು ಬೇಕಾದವನು ಸಂದಿಯನ್ನು ಕಿರಿದು ಮಾಡಬೇಕು, ಗೆಂಡೆಯಂಥದು ಸಾಕೆನ್ನುವವನು ಅಗಲ ಬಿಡಬೇಕು.

ಗದ್ದೆಯ ಬದುವಿನಲ್ಲಿ ನೀರು ಕೆಳಗಿನ ಮಡಿಗೆ ಬೀಳುವ ಕಂಡಿಯೇ ಕೂಳಿಯ ನೆಲೆ. ಅಲ್ಲಿ ಅದನ್ನು ಒಡ್ಡಿ, ಅಕ್ಕಪಕ್ಕದಲ್ಲಿ ಕೆಸರನ್ನೂ ಹುಲ್ಲನ್ನೂ ಮೆತ್ತಿ, ಮೀನಿಗೆ ಬೇರೆ ದಾರಿಯಿಲ್ಲದಂತೆ ಮಾಡುವುದು ಸಂಜೆಯ ಕೆಲಸ. ಬೆಳಗಿನ ಜಾವದಲ್ಲಿ ಎತ್ತಿ ಹಿಂದಣ ಕಟ್ಟನ್ನು ಬಿಚ್ಚಿ ಸುರಿದುಕೊಳ್ಳುವುದು ಮರುದಿನದ ಮೊದಲ ಕೆಲಸ. ಆದರೆ ಬಾಯಿಯನ್ನು ಯಾವ ಕಡೆಗೆ ತಿರುಗಿಸಬೇಕೆಂಬುದರಲ್ಲಿಯೇ ವಿದ್ಯೆಯಿರುವುದು. ಮುಂಗಾರಿನ ಮೊದಲ ನೀರಿಗೆ ಮೀನು ಏರುವುದರಿಂದ ಬಾಯಿ ಇಳಿಜಾರಿನ ಕಡೆಗಿರಬೇಕು; ಹಿಂಗಾರಿನಲ್ಲಿ ಮೀನು ಇಳಿಯುವುದರಿಂದ ಬಾಯಿ ಮೇಲ್ಗಡೆಗೆ ತಿರುಗಬೇಕು. “ತಾತ, ಬಾಯಿ ಯಾವ ಕಡೀಕ್ ಇಕ್ಲಿ?” ಎಂದು ಕೇಳಿದ ಹುಡುಗನಿಗೆ, “ನೀರ್ ಬರೋ ಕಡೆ ನೋಡ್ಬ್ಯಾಡ ಮಗ, ಮೀನ್ ಬರೋ ಕಡೆ ನೋಡು” ಎಂಬಂಥ ಉತ್ತರವೇ ಪಾಠವಾಗುತ್ತಿತ್ತು. ಯಾವ ನಕ್ಷತ್ರದ ಮಳೆಗೆ ಯಾವ ಮೀನು ಎತ್ತ ಹೊರಡುವುದೆಂಬ ಅರಿವು ಪುಸ್ತಕದಿಂದಲ್ಲ, ಹೀಗೆ ಬದುವಿನ ಮೇಲೆಯೇ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಂದಿತು.

ಕೂಳಿಯ ಇನ್ನೊಂದು ಜಾತಿಯೂ ಉಂಟು: ಮೇಲೂ ಕೆಳಗೂ ತೆರೆದ, ಬುಡ ಅಗಲವಾಗಿ ನೆತ್ತಿ ಕಿರಿದಾದ ಗೂಡೆ. ಮೊಣಕಾಲುದ್ದದ ಕದಡಿದ ನೀರಿನಲ್ಲಿ ಹೆಜ್ಜೆಹೆಜ್ಜೆಗೂ ಅದನ್ನು ಕೆಸರಿಗೆ ಒತ್ತುತ್ತ ನಡೆದು, ಒಳಗೆ ಮೀನು ಬಡಿದ ಸುಳಿವು ಕೈಗೆ ತಟ್ಟಿದೊಡನೆ ನೆತ್ತಿಯ ಕಂಡಿಯಿಂದ ತೋಳನ್ನು ಇಳಿಸಿ ಹಿಡಿಯಬೇಕು. ಕೆರೆ ಬತ್ತುವ ಕಾಲಕ್ಕೆ ಇದರಷ್ಟು ಒದಗಿ ಬರುವುದು ಬೇರೊಂದಿಲ್ಲ. ಮಲೆನಾಡಿನ ಸಾಗರ, ಸೊರಬಗಳ ಕಡೆ ಊರಿಗೆ ಊರೇ ಒಂದು ದಿನ ಗೊತ್ತು ಮಾಡಿಕೊಂಡು ಕೆರೆಗಿಳಿಯುವ ಕೆರೆಬೇಟೆಯ ಪದ್ಧತಿಯಲ್ಲಿ ಇಂಥದೇ ಸಾಧನವನ್ನು ಕೂಣಿಯೆಂಬ ಹೆಸರಿನಿಂದ ಇಂದಿಗೂ ಬಳಸುತ್ತಾರೆ. ಬಯಲುಸೀಮೆಯ ಕೆರೆಗಳಲ್ಲಿ ಆ ಸಂಭ್ರಮ ಅಷ್ಟು ದೊಡ್ಡದಾಗಿ ಬೆಳೆಯಲಿಲ್ಲವಾದರೂ, ಬೇಸಗೆಯ ಕಡೆಯ ಮಡುವಿಗೆ ಜನ ಕೂಡಿ ಇಳಿಯುವುದು ಇಲ್ಲಿಯೂ ಅಪರೂಪವಾಗಿರಲಿಲ್ಲ.

ಬಿದಿರು ಸಾವನದುರ್ಗದ ಕಡೆಯ ಕಾಡುಗಳಿಂದಲೂ, ಕನಕಪುರದ ದಕ್ಷಿಣಕ್ಕೆ ಕಾವೇರಿಯವರೆಗೆ ಹಬ್ಬಿದ ಅರಣ್ಯದಿಂದಲೂ ದೊರೆಯುತ್ತಿತ್ತು. ಗೂಡೆ ಹೆಣೆಯಲು ಟೊಳ್ಳಾದ ಹೆಬ್ಬಿದಿರು. ಗಾಳದ ಕೋಲಿಗೆ ಒಳಗೆ ಗಟ್ಟಿಯಾದ, ಬಾಗಿ ಮತ್ತೆ ನೆಟ್ಟಗಾಗುವ ಕಿರುಬಿದಿರು. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಹಿಡಿಯುವುದಿಲ್ಲವೆಂಬ ನಂಬಿಕೆಯಿಂದ ಅಮಾವಾಸ್ಯೆ ಹತ್ತಿರವಾಗುವುದನ್ನು ಕಾಯುತ್ತಿದ್ದರು. ಕಡಿದು ತಂದುದನ್ನು ಒಲೆಯ ಮೇಲಣ ಅಟ್ಟದಲ್ಲಿ ಹೊಗೆ ತಾಗುವಂತೆ ಇಡುತ್ತಿದ್ದರು. ಹೊಗೆಯ ಕಮಟು ಹತ್ತಿದ ಬಿದಿರು ನೀರಿನಲ್ಲಿ ಬೇಗ ಕೊಳೆಯದು. ನಯವಾದ ಕೆಲಸ ಬೇಕಾದಾಗ ಮೇದರನ್ನು ಆಶ್ರಯಿಸುತ್ತಿದ್ದರಾದರೂ, ಸಾಧಾರಣದ ಕೂಳಿಯನ್ನು ಬೇಸಾಯಗಾರನು ಬಿಡುವಿನ ದಿನಗಳಲ್ಲಿ ತಾನೇ ಕಟ್ಟಿಕೊಳ್ಳಬಲ್ಲವನಾಗಿದ್ದನು.

ಗಾಳದ ವಿಚಾರಕ್ಕೆ ಬರೋಣ. ಬಿದಿರು ಕಾಡಿನದು, ದಾರ ಹೊಲದ್ದು. ಕೊಕ್ಕೆಯೊಂದಕ್ಕೆ ಮಾತ್ರ ಕಬ್ಬಿಣ ಬೇಕು. ಈ ವಿಷಯದಲ್ಲಿ ಈ ಸೀಮೆಯ ಭಾಗ್ಯ ದೊಡ್ಡದು. 1800ರಲ್ಲಿ, ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿಯನ್ನೆಳೆಯುತ್ತಿದ್ದುದನ್ನೂ, ಆ ತಂತಿಗಳು ದೂರದೂರದ ನಾಡುಗಳಿಗೆ ಹೋಗುತ್ತಿದ್ದುದನ್ನೂ ಬರೆದಿದ್ದಾನೆ. ಮಾಗಡಿಯ ಆಸುಪಾಸಿನಲ್ಲಿ ಮಳೆಗಾಲದ ಹಳ್ಳಗಳು ತಂದು ಹಾಕುವ ಕಪ್ಪು ಮರಳನ್ನು ಕೂಡಿಸಿ, ಇದ್ದಲಿನ ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ಮಾಡುತ್ತಿದ್ದ ಕ್ರಮವನ್ನೂ ವಿವರಿಸಿದ್ದಾನೆ. ಯಾವ ಹಳ್ಳಗಳಲ್ಲಿ ಮೀನು ಏರಿತೋ ಅಂಥ ಹಳ್ಳಗಳೇ ಕಬ್ಬಿಣದ ಅದುರನ್ನೂ ಹೊತ್ತು ತಂದುವೆಂಬುದನ್ನು ನೆನೆದಾಗ ನನಗೆ ಪರಮಾಶ್ಚರ್ಯವಾಗುತ್ತದೆ. ಊರ ಕಮ್ಮಾರನು ಆಯಗಾರರಲ್ಲೊಬ್ಬನಾದುದರಿಂದ ಕೊಕ್ಕೆಯೊಂದಕ್ಕೆ ಇಷ್ಟೆಂದು ಕಾಸು ಕೊಡಬೇಕಾಗಿರಲಿಲ್ಲ; ಗುಳ, ಕುಡುಗೋಲುಗಳ ಕೆಲಸದೊಡನೆ ಇದೂ ಸೇರಿ, ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಧಾನ್ಯ ಸಲ್ಲುತ್ತಿತ್ತು. ತೆಳುವಾದ ಕಬ್ಬಿಣದ ಕಡ್ಡಿಯನ್ನು ಕಾಸಿ ತುದಿಯನ್ನು ಅರದಿಂದ ಚೂಪು ಮಾಡಿ, ಉಳಿಯ ಒಂದು ಏಟಿನಿಂದ ಹಿಮ್ಮುಖದ ಮುಳ್ಳನ್ನು ಎಬ್ಬಿಸಿ, ದುಂಡಗೆ ಬಗ್ಗಿಸಿ, ಹಿಂದಣ ಕೊನೆಯನ್ನು ತಟ್ಟಿ ಚಪ್ಪಟೆ ಮಾಡಿ, ಕಡೆಗೆ ಕಾಸಿ ನೀರಿಗದ್ದಿ ಹದಗೊಳಿಸುವುದು ಆ ಕೆಲಸದ ಕ್ರಮ. ಹದ ತಪ್ಪಿ ಮೆತ್ತಗಾದ ಕೊಕ್ಕೆ ದೊಡ್ಡ ಮೀನಿನ ಸೆಳೆತಕ್ಕೆ ನೆಟ್ಟಗಾಗುತ್ತದೆ, ಬಿರುಸಾದುದು ಮುರಿಯುತ್ತದೆ.

ದಾರಕ್ಕೆ ಸೆಣಬು ಅಥವಾ ಕತ್ತಾಳೆಯ ನಾರು. ನಾರನ್ನು ಕೊಳೆಯಿಸಿ, ತೊಳೆದು, ತೊಡೆಯ ಮೇಲೆ ಹೊಸೆದು, ಎರಡು ಎಳೆಗಳನ್ನು ವಿರುದ್ಧ ದಿಕ್ಕಿಗೆ ಮುರಿಗೊಳಿಸಿದರೆ ಬಿಚ್ಚದ ಹುರಿಯಾಗುತ್ತದೆ. ನೀರಿನ ಮೇಲೆ ತೇಲುವ ಬೆಂಡು ಒಣಗಿದ ಜೋಳದ ದಂಟಿನದೋ ನವಿಲುಗರಿಯ ಕಾವಿನದೋ ಆಗಿರುತ್ತಿತ್ತು. ಕೊಕ್ಕೆಗೆ ಸಿಕ್ಕಿಸಲು ಎರೆಹುಳು, ಮಿಡತೆ, ಇಲ್ಲವೇ ರಾಗಿ ಹಿಟ್ಟಿನ ಉಂಡೆ. ಬೆಂಡಿನ ನಡೆಯನ್ನು ಓದುವುದೇ ಗಾಳಗಾರನ ವಿದ್ಯೆ. ಸಾಸಲು ಅದನ್ನು ಮೊಟಕುತ್ತ ನಡುಗಿಸುತ್ತದೆ. ಗೆಂಡೆ ಒಮ್ಮೆ ಮುಳುಗಿಸಿ ಬಿಡುತ್ತದೆ. ಕೊರವ ಹಿಡಿದರೆ ಬೆಂಡು ಓರೆಯಾಗಿ ದೂರ ಸರಿಯುತ್ತ ಹೋಗಿ ಕಾಣದಾಗುತ್ತದೆ.

ಬಲೆಯ ಕೆಲಸ ಇವೆಲ್ಲಕ್ಕಿಂತ ದೀರ್ಘವಾದುದು. ಹಳೆಯ ಮೈಸೂರು ಸೀಮೆಯಲ್ಲಿ ಬಲೆಯನ್ನು ಕುಲವಿದ್ಯೆಯಾಗಿ ಉಳಿಸಿಕೊಂಡವರು ಬೆಸ್ತರು. ಮೀನು ಹಿಡಿಯುವುದರೊಡನೆ ಪಲ್ಲಕ್ಕಿ ಹೊರುವುದು, ಸುಣ್ಣ ಸುಡುವುದು, ಬೇಸಾಯ, ಇವೂ ಅವರ ಕಸುಬುಗಳಾಗಿದ್ದುವು. ಗಂಡಸರು ಬೇಸಗೆಯ ಹಗಲಿನಲ್ಲಿ ಮರದ ನೆರಳಿನಲ್ಲಿ ಕುಳಿತು, ಬಲೆಯ ತಲೆಯನ್ನು ಗೂಟಕ್ಕೆ ಕಟ್ಟಿ, ಬಿದಿರಿನ ಸೂಜಿಗೆ ಸುತ್ತಿದ ನೂಲಿನಿಂದ ಗಂಟಿನ ಮೇಲೆ ಗಂಟು ಹಾಕುತ್ತ ಬೀಸುಬಲೆಯನ್ನು ನೇಯುತ್ತಿದ್ದರು. ನೆತ್ತಿಯಲ್ಲಿ ಕೆಲವೇ ಕಣ್ಣುಗಳಿಂದ ಆರಂಭವಾಗುವ ಬಲೆ ಸುತ್ತುಸುತ್ತಿಗೂ ಕಣ್ಣು ಹೆಚ್ಚುತ್ತ ಹೋಗಿ ಅಂಚಿಗೆ ಬರುವ ಹೊತ್ತಿಗೆ ವಿಶಾಲವಾದ ವೃತ್ತವಾಗಬೇಕು. ಯಾವ ಸುತ್ತಿನಲ್ಲಿ ಎಷ್ಟು ಕಣ್ಣು ಹೆಚ್ಚಿಸಬೇಕೆಂಬ ಗಣಿತವು ಅಕ್ಷರವರಿಯದವರ ನಾಲಗೆಯ ತುದಿಯಲ್ಲಿತ್ತು. ಕಣ್ಣಿನ ಅಳತೆಯನ್ನು ಬೆರಳಿನಿಂದ ಹೇಳುತ್ತಿದ್ದರು: ಒಂದು ಬೆರಳಿನ ಬಲೆ, ಎರಡು ಬೆರಳಿನ ಬಲೆ, ನಾಲ್ಕು ಬೆರಳಿನ ಬಲೆ. ಅಂಚಿನಲ್ಲಿ ಒಳಕ್ಕೆ ಮಡಿಸಿ ಕಟ್ಟಿದ ಜೋಳಿಗೆ, ಅದರ ಉದ್ದಕ್ಕೂ ಸುಟ್ಟ ಮಣ್ಣಿನ ಮಣಿಗಳು, ಅನಂತರದ ಕಾಲದಲ್ಲಿ ಸೀಸದ ಗುಂಡುಗಳು. ಹತ್ತಿಯ ನೂಲು ನೀರಿನಲ್ಲಿ ಬೇಗ ಕೊಳೆಯುವುದರಿಂದ ಒಗರುಳ್ಳ ತೊಗಟೆಗಳನ್ನು ಕುದಿಸಿದ ಕಷಾಯದಲ್ಲಿ ಬಲೆಯನ್ನು ಅದ್ದಿ, ಕಂದು ಬಣ್ಣಕ್ಕೆ ತಿರುಗಿಸಿ, ನೆರಳಲ್ಲಿ ಒಣಗಿಸಬೇಕು. ಇದನ್ನು ವರ್ಷದಲ್ಲಿ ಹಲವು ಬಾರಿ ಮಾಡದಿದ್ದರೆ ತಿಂಗಳುಗಟ್ಟಲೆಯ ದುಡಿಮೆ ಒಂದೇ ಮಳೆಗಾಲಕ್ಕೆ ಹಾಳಾಗುತ್ತಿತ್ತು. ಬಲೆಯ ಒಂದು ಭಾಗವನ್ನು ಮೊಣಕೈಗೇರಿಸಿ, ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸೊಂಟವನ್ನು ತಿರುಗಿಸಿ ಎಸೆದಾಗ ಅದು ಗಾಳಿಯಲ್ಲಿ ಬಿಚ್ಚಿಕೊಂಡು ದುಂಡಗೆ ಬೀಳುವುದನ್ನು ಕಂಡವರು, ಅದರ ಅಗಲವು ಬೀಸುವವನ ತೋಳಿನ ಉದ್ದಕ್ಕೆ ತಕ್ಕುದಾಗಿರಬೇಕೆಂಬುದನ್ನು ಸಹಜವಾಗಿಯೇ ಒಪ್ಪುವರು. ಒಬ್ಬನಿಗಾಗಿ ನೇಯ್ದ ಬಲೆ ಇನ್ನೊಬ್ಬನ ಕೈಗೆ ಹೊಂದದು.

ಮಾಡುವವನೂ ಬಳಸುವವನೂ ಬಹುಮಟ್ಟಿಗೆ ಒಬ್ಬನೇ ಆಗಿದ್ದುದರಿಂದ, ಮಾಡುವವನ ಶರೀರದ ಅಳತೆಯೂ ಅವನ ಊರಿನ ನೀರಿನ ಅಳತೆಯೂ ಕೂಡಿ ಸಾಧನದ ಆಕಾರವನ್ನು ನಿರ್ಣಯಿಸಿದುವು. ಇದೇ ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು. ಕೂಳಿಯ ಸಂದಿಯಲ್ಲಿ ಆ ಗದ್ದೆಯ ಮೀನಿನ ಗಾತ್ರವಿದೆ, ಬಾಯಿಯ ದಿಕ್ಕಿನಲ್ಲಿ ಆ ಸೀಮೆಯ ಮಳೆಯ ಕಾಲವಿದೆ, ಬಲೆಯ ಕಣ್ಣಿನಲ್ಲಿ ಎಷ್ಟನ್ನು ಹಿಡಿದು ಎಷ್ಟನ್ನು ಬಿಡಬೇಕೆಂಬ ತೀರ್ಮಾನವಿದೆ. ಎಲ್ಲ ತೀರ್ಮಾನಗಳೂ ವಿವೇಕದಿಂದ ಕೂಡಿದ್ದುವೆಂದು ಹೇಳಲಾರೆ. ಕಾಡಿನಂಚಿನ ಹಳ್ಳಗಳ ಮಡುಗಳಲ್ಲಿ ಕಾರೆಕಾಯಿಯನ್ನು ಜಜ್ಜಿ ಕಲಸಿ, ಮೀನು ಮತ್ತೇರಿ ತೇಲುವಂತೆ ಮಾಡುವ ಪದ್ಧತಿಯೂ ನಮ್ಮ ನಾಡಿನಲ್ಲಿತ್ತು. ಅದರಲ್ಲಿ ಹಿರಿದು ಕಿರಿದೆಂಬ ವಿಚಕ್ಷಣೆಗೆ ಎಡೆಯಿಲ್ಲ.

ಅರಸರೂ ಮೀನು ಹಿಡಿಯುವ ವಿನೋದವನ್ನು ಕಡೆಗಣಿಸಲಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ, ಸರ್ವಜ್ಞನೆಂದು ಬಿರುದಾಂತ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಅದರಲ್ಲಿ ಮೂವತ್ತಕ್ಕೂ ಮೇಲ್ಪಟ್ಟ ಬಗೆಯ ಮೀನುಗಳ ಹೆಸರು, ಅವುಗಳ ನೆಲೆ, ಆಹಾರ, ಗಾಳದ ಕೋಲು, ಹುರಿ, ಕೊಕ್ಕೆ, ಮೇವು, ಇವೆಲ್ಲವೂ ವರ್ಣಿತವಾಗಿವೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ವಿಸ್ತಾರವಾದ ಲೇಖನವನ್ನು ಪ್ರಕಟಿಸಿ ವಿದ್ವಾಂಸರ ಗಮನವನ್ನು ಅದರತ್ತ ಸೆಳೆದರು. ಕನ್ನಡ ನಾಡಿನ ದೊರೆಯೊಬ್ಬನು ಸುಮಾರು ಒಂಬೈನೂರು ವರ್ಷಗಳ ಕೆಳಗೆ ಇಷ್ಟು ಸೂಕ್ಷ್ಮವಾಗಿ ಬರೆಯಬೇಕಾದರೆ, ಅವನಿಗೆ ಆ ವಿವರಗಳನ್ನು ಒದಗಿಸಿದ ಬೆಸ್ತರೂ ಗಾಳಗಾರರೂ ಎಷ್ಟು ಬಲ್ಲವರಾಗಿದ್ದಿರಬೇಕು! ಗ್ರಂಥದಲ್ಲಿ ಅರಸನ ಹೆಸರು ಉಳಿಯಿತು. ಕೋಲು ಕೆತ್ತಿಕೊಟ್ಟವರ ಹೆಸರು ಉಳಿಯಲಿಲ್ಲ.

ಆಂಗ್ಲರ ಕಾಲದಲ್ಲಿ ನಮ್ಮ ನೀರುಗಳ ಮೇಲೆ ಎರಡು ಬಗೆಯ ದೃಷ್ಟಿ ಬಿದ್ದಿತು. ವಿಶೇಷವೆಂದರೆ ಎರಡಕ್ಕೂ 1873ನೆಯ ಇಸವಿಯೇ ಸಾಕ್ಷಿ. ಆ ವರ್ಷ ಮೀನುಗಾರಿಕೆಯ ಅಧಿಕಾರಿ ಫ್ರಾನ್ಸಿಸ್ ಡೇ ಭಾರತ ಮತ್ತು ಬರ್ಮಾಗಳ ಸಿಹಿನೀರಿನ ಮೀನುಗಳನ್ನು ಕುರಿತ ತನ್ನ ವರದಿಯನ್ನು ಒಪ್ಪಿಸಿ, ಕಿರುಗಣ್ಣಿನ ಬಲೆಗಳಿಂದಲೂ ಗದ್ದೆ ಕಾಲುವೆಗಳಲ್ಲಿ ಒಡ್ಡುವ ಬುಟ್ಟಿಗಳಿಂದಲೂ ಮರಿಮೀನುಗಳು ನಾಶವಾಗುತ್ತಿವೆಯೆಂದು ದೂರಿದನು. ಅದೇ ವರ್ಷ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಗಾಳದ ಬೇಟೆಯನ್ನು ಕುರಿತ ತನ್ನ ಪ್ರಸಿದ್ಧ ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದನು. ಮೊದಲನೆಯವನ ಕಣ್ಣಿಗೆ ಕೂಳಿಯೆಂಬುದು ಅಪರಾಧದ ಸಾಧನ. ಎರಡನೆಯವನ ಬಳಗಕ್ಕೆ ಮೀನು ಹಿಡಿಯುವುದು ವಿಲಾಯಿತಿಯ ಕೋಲಿನಿಂದ ನಡೆಯುವ ಮರ್ಯಾದೆಯ ಕ್ರೀಡೆ. ಡೇಯ ದೂರಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಮೊಟ್ಟೆಯಿಡಲು ಏರುವ ಮೀನನ್ನು ದಾರಿಯಲ್ಲಿಯೇ ತಡೆದರೆ ಸಂತತಿ ಕುಗ್ಗುವುದು ನಿಜ. ಆದರೆ ಗದ್ದೆಯಲ್ಲಿ ಉಳಿದ ಮೀನಿನ ಬಹುಪಾಲು ನೀರಿಳಿದೊಡನೆ ಸಾಯತಕ್ಕದ್ದೇ ಎಂಬುದನ್ನೂ, ಬಡವನ ಮುದ್ದೆಗೆ ಸಾರಾದದ್ದು ಆ ಕಿರುಮೀನೇ ಎಂಬುದನ್ನೂ ಅವನು ತಕ್ಕಷ್ಟು ತೂಗಿ ನೋಡಲಿಲ್ಲವೆಂದು ನನಗೆ ತೋರುತ್ತದೆ. ಅನಂತರ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೂ, ಮೈಸೂರು ಸಂಸ್ಥಾನದಲ್ಲಿ 1901ರ ಬೇಟೆ ಮತ್ತು ಮೀನು ಸಂರಕ್ಷಣೆಯ ರೆಗ್ಯುಲೇಷನ್ನೂ ಬಂದುವು. ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿದ 1897ರ ಕಾಯಿದೆಯ ವಿಧಿ ನ್ಯಾಯವಾದುದೇ ಸರಿ.

ಥಾಮಸನ ಬಳಗದ ದೊರೆಗಳಿಗೆ ಕಾವೇರಿ, ಕಬಿನಿಗಳ ಬಿಳಿಮೀನು ಪರಮ ಲಕ್ಷ್ಯವಾಗಿತ್ತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರ ಮಾರ್ಚ್ ತಿಂಗಳಲ್ಲಿ ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡು ತೂಗಿತು. ಗಾಳದಿಂದ ಹಿಡಿದ ಬಿಳಿಮೀನುಗಳಲ್ಲಿ ಅದು ಬಹುಕಾಲ ಪ್ರಸಿದ್ಧವಾದ ದಾಖಲೆಯಾಗಿತ್ತು. ಕೋಲು ವಿಲಾಯಿತಿಯದಾದರೇನು, ಈ ಮೀನಿಗೆ ಸಲ್ಲುವ ಮೇವು ಮಾತ್ರ ನಮ್ಮ ಒಲೆಯದು. ಮುತ್ತತ್ತಿ, ಭೀಮೇಶ್ವರಿಗಳ ಕಡೆ ಕಾವೇರಿಯಲ್ಲಿ ಗಾಳ ಹಾಕಿದವರು ಬಹುಮಟ್ಟಿಗೆ ಗಟ್ಟಿಯಾಗಿ ಬೇಯಿಸಿದ ರಾಗಿಮುದ್ದೆಯ ಉಂಡೆಯನ್ನೇ ಕೊಕ್ಕೆಗೆ ಮೆತ್ತುತ್ತಿದ್ದರು. ಸುಳಿನೀರಿನಲ್ಲಿ ಕರಗದೆ ನಿಲ್ಲುವಂತೆ ಅದನ್ನು ನಾದುವ ಹದವನ್ನು ದೊರೆಗಳಿಗೆ ತಿಳಿಸಿದವರು ನದಿಯಂಚಿನ ಹಳ್ಳಿಗರು. ಈ ಬಿಳಿಮೀನನ್ನು ವಿಜ್ಞಾನಿಗಳು ಟಾರ್ ರೆಮದೇವಿ ಎಂಬ ಪ್ರಭೇದವೆಂದು ಖಚಿತವಾಗಿ ಗುರುತಿಸಿದುದು 2018ರಲ್ಲಿ. ಅಷ್ಟರೊಳಗೆ ಅದು ಅಳಿವಿನ ಅಂಚಿಗೆ ಬಂದಿತ್ತು.

ಗಾಳದ ದಾರವನ್ನು ಕುರಿತು ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ರೇಷ್ಮೆಹುಳು ಗೂಡು ಕಟ್ಟುವುದಕ್ಕೆ ಮುಂಚೆ ಅದನ್ನು ಹುಳಿರಸದಲ್ಲಿ ನೆನೆಸಿ, ಒಳಗಿನ ರೇಷ್ಮೆಯ ಗ್ರಂಥಿಗಳನ್ನು ಹೊರತೆಗೆದು, ನಿಧಾನವಾಗಿ ಎಳೆದರೆ ನೀರಿನಲ್ಲಿ ಕಣ್ಣಿಗೆ ಕಾಣದ, ಅತ್ಯಂತ ಬಲವಾದ ಎಳೆ ದೊರೆಯುತ್ತದೆ. ಸ್ಪೇನ್ ದೇಶದ ಮುರ್ಸಿಯಾ ಪ್ರಾಂತ ಈ ಕಸುಬಿಗೆ ಹೆಸರಾಗಿತ್ತು. ನೈಲಾನ್ ಬರುವ ತನಕ ಯುರೋಪಿನ ಒಳ್ಳೆಯ ಗಾಳಗಳಲ್ಲಿ ಬಹುಪಾಲಿನ ತುದಿಯಲ್ಲಿ ಕೊಕ್ಕೆಯನ್ನು ಹಿಡಿದಿರುತ್ತಿದ್ದುದು ಈ ಎಳೆಯೇ. ಟಿಪ್ಪುವಿನ ಕಾಲದಿಂದ ಹುಳು ಸಾಕುತ್ತ ಬಂದ ನಮ್ಮ ಸೀಮೆಯವರಿಗೆ ರೇಷ್ಮೆಯೆಂದರೆ ಸೀರೆಯ ದಾರಿ. ಆದರೂ ರೇಷ್ಮೆಗೂ ಮೀನಿಗೂ ಇಲ್ಲಿ ಸಂಬಂಧ ಬೆಳೆಯದೆ ಇರಲಿಲ್ಲ. ನೂಲು ಬಿಚ್ಚಿದ ಮೇಲೆ ಉಳಿಯುವ ಗೂಡಿನ ಹುಳು ಸಾಕುಮೀನಿಗೆ ಒಳ್ಳೆಯ ಆಹಾರವಾಯಿತು.

ದೂರದೇಶದ ಇನ್ನೊಂದು ಸಾಧನ ಮಾತ್ರ ಊರೂರಿನ ಅಂಗಡಿಗೂ ಬಂದಿತು. ನಾರ್ವೆಯ ಮುಸ್ತಾದ್ ಕಾರ್ಖಾನೆಯವರು 1877ರಲ್ಲಿ ಕೊಕ್ಕೆ ಮಾಡುವ ಯಂತ್ರವನ್ನು ರೂಪಿಸಿಕೊಂಡು, ಕ್ರಮೇಣ ಭೂಮಂಡಲದ ಪೇಟೆಗಳನ್ನೆಲ್ಲ ತಮ್ಮ ಗಾಳದ ಕೊಕ್ಕೆಗಳಿಂದ ತುಂಬಿದರು. ಭಾರತದ ಪೇಟೆಗಳೂ ಅದಕ್ಕೆ ಹೊರತಾಗಲಿಲ್ಲ. ಒಂದೇ ಅಳತೆಯ ಹೊಳೆಯುವ ಕೊಕ್ಕೆಗಳು ಅಗ್ಗವಾಗಿ ದೊರೆಯತೊಡಗಿದ ಮೇಲೆ ಕಮ್ಮಾರನ ಕುಲುಮೆಗೆ ಯಾರೂ ಆ ಕೆಲಸವನ್ನು ಒಯ್ಯಲಿಲ್ಲ. ಮನೆಯಲ್ಲಿ ಮಾಡುವ ಸಾಧನಗಳಲ್ಲಿ ಮೊದಲು ಪೇಟೆಯ ಪಾಲಾದುದು ಕೊಕ್ಕೆಯೇ ಸರಿ.

ಆ ನಾರ್ವೆ, ಅದರ ನೆರೆಯ ಫಿನ್ಲೆಂಡ್, ಅಮೆರಿಕದ ಮಿನ್ನೆಸೋಟಾ, ಇವೆಲ್ಲ ಚಳಿಗಾಲದಲ್ಲಿ ಕೆರೆ ಸರೋವರಗಳು ಹೆಪ್ಪುಗಟ್ಟಿ ಕಲ್ಲಾಗುವ ದೇಶಗಳು. ಅಲ್ಲಿನ ಜನ ಮಂಜುಗಡ್ಡೆಯಲ್ಲಿ ತೂತು ಕೊರೆದು, ಅದರೊಳಗೆ ಗಾಳವನ್ನಿಳಿಸಿ ಮೀನು ಹಿಡಿಯುತ್ತಾರೆ. ಅದಕ್ಕೆ ಬೇಕಾದ ಗಿಡ್ಡ ಕೋಲು, ಮಂಜು ತೆಗೆಯುವ ಸೌಟು, ಕೂರುವ ಪೆಟ್ಟಿಗೆಗಳನ್ನು ಅನೇಕರು ಇಂದಿಗೂ ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆ. ಅವರ ಒಂದು ಉಪಾಯ ನಮ್ಮ ಗಮನಕ್ಕೆ ಅರ್ಹವಾದುದು. ಎರಡು ಮರದ ಪಟ್ಟಿಗಳನ್ನು ಅಡ್ಡಲಾಗಿ ಜೋಡಿಸಿ ತೂತಿನ ಮೇಲಿಟ್ಟು, ದಾರದ ಉರುಳೆಯನ್ನು ನೀರಿನೊಳಗೆ ನಿಲ್ಲಿಸಿ, ಬಾಗಿಸಿದ ಒಂದು ತೆಳು ಪಟ್ಟಿಗೆ ಬಟ್ಟೆಯ ಬಾವುಟವನ್ನು ಕಟ್ಟಿರುತ್ತಾರೆ. ಮೀನು ದಾರವನ್ನೆಳೆದೊಡನೆ ಪಟ್ಟಿ ಬಿಡುಗಡೆಯಾಗಿ ಬಾವುಟ ಮೇಲೇಳುತ್ತದೆ. ದೂರದ ಗುಡಿಸಲಿನಲ್ಲಿ ಬೆಂಕಿ ಕಾಯಿಸುತ್ತ ಕುಳಿತವನು ಅದನ್ನು ಕಂಡು ಓಡಿಬರುತ್ತಾನೆ. ನಮ್ಮ ಕೆರೆಗಳಲ್ಲಿ ರಾತ್ರಿ ಗಾಳ ಕಟ್ಟಿ ಬರುವವರು ದಂಡೆಯಲ್ಲಿ ಹಸಿ ಬರಲನ್ನು ನೆಟ್ಟು ದಾರವನ್ನು ಅದಕ್ಕೆ ಬಿಗಿದಿರುತ್ತಾರೆ. ಮೀನಿನ ಜಗ್ಗಾಟವನ್ನೆಲ್ಲ ಆ ಬರಲು ಬಾಗಿ ಬಾಗಿ ತಾಳಿಕೊಂಡು, ದಾರ ಹರಿಯದಂತೆ ಬೆಳಗಿನವರೆಗೂ ಹಿಡಿದಿರುತ್ತದೆ. ಅಲ್ಲಿ ಚಳಿ, ಇಲ್ಲಿ ಕತ್ತಲೆ. ಮನುಷ್ಯನು ನೀರಿನ ಬಳಿ ಕಾದಿರಲಾಗದ ಹೊತ್ತಿನಲ್ಲಿ ತನಗೆ ಬದಲಾಗಿ ಕಾಯಬಲ್ಲ ಕೋಲೊಂದನ್ನು ಎರಡು ಕಡೆಯವರೂ ಒಬ್ಬರನ್ನೊಬ್ಬರು ಅರಿಯದೆಯೇ ಕಂಡುಕೊಂಡರು.

ನಮ್ಮ ಸೀಮೆಯಲ್ಲಿ ದೊಡ್ಡ ಬದಲಾವಣೆ ಆರಂಭವಾದುದು 1946ರಲ್ಲಿ ಕಣ್ವ ಹೊಳೆಗೆ ಜಲಾಶಯವಾದಂದಿನಿಂದ ಎನ್ನಬಹುದು. ಕೆರೆಗಿಂತ ಬಹಳ ಆಳವಾದ, ವಿಸ್ತಾರವಾದ ಈ ನೀರಿಗೆ ಕೂಳಿ ಒದಗಲಿಲ್ಲ. 1952ರಲ್ಲಿ ಆಫ್ರಿಕಾ ಮೂಲದ ತಿಲಾಪಿಯ ಭಾರತಕ್ಕೆ ಬಂದು, ಜಿಲೇಬಿಯೆಂಬ ಹೆಸರಿನಿಂದ ನಮ್ಮ ಕೆರೆಗಳನ್ನೆಲ್ಲ ವ್ಯಾಪಿಸಿತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರೂ ಸಂಗಡಿಗರೂ ಗ್ರಂಥಿರಸದ ಚುಚ್ಚುಮದ್ದಿನಿಂದ ಗೆಂಡೆಯ ಜಾತಿಯ ದೊಡ್ಡ ಮೀನುಗಳು ಮೊಟ್ಟೆಯಿಡುವಂತೆ ಮಾಡಿದುದು ಇನ್ನೂ ದೊಡ್ಡ ಘಟನೆ. ಅದರ ಫಲವಾಗಿ ಕಟ್ಲಾ, ರೋಹು, ಮೃಗಾಲ್‌ಗಳ ಮರಿಗಳು ಊರೂರಿನ ಕೆರೆಗೆ ದೊರೆಯುವಂತಾಯಿತು. ಇವು ನಿಂತ ನೀರಿನಲ್ಲಿ ತಾವಾಗಿಯೇ ಸಂತಾನ ಬೆಳೆಸತಕ್ಕವಲ್ಲ. ಮರಿಯನ್ನು ಕೊಂಡು ಬಿಡಬೇಕು. ಬಿಟ್ಟವನಿಗೆ ಹಿಡಿಯುವ ಹಕ್ಕು ಬೇಕು. ಹಕ್ಕಿಗೆ ಹರಾಜು, ಗುತ್ತಿಗೆ, ಸಹಕಾರ ಸಂಘಗಳು ಬಂದುವು. ರೋಹಿಣಿಯ ಮಳೆಗೆ ಮೀನು ಎತ್ತ ಏರುವುದೆಂಬ ವಿದ್ಯೆ ಗುತ್ತಿಗೆಯ ಕೆರೆಯಲ್ಲಿ ಯಾರಿಗೆ ಬೇಕು? ಅದೇ ದಶಕಗಳಲ್ಲಿ ನೈಲಾನ್ ಬಲೆ ಬಂದು ಹತ್ತಿಯ ಬಲೆಯನ್ನು ಓಡಿಸಿತು. ಕೊಳೆಯದ, ಕಷಾಯ ಬೇಡದ, ಹಗುರವಾದ ಆ ಬಲೆಯನ್ನು ಬೆಸ್ತರು ಸಂತೋಷದಿಂದಲೇ ಬರಮಾಡಿಕೊಂಡರು. ಅದನ್ನು ಅವರ ತಪ್ಪೆಂದು ಹೇಳುವ ಹಕ್ಕು, ತೊಗಟೆ ಕುದಿಸಿ ಕೈ ಸುಟ್ಟುಕೊಳ್ಳದ ನಮಗಿಲ್ಲ. ಇತ್ತೀಚಿನ ದಶಕಗಳಲ್ಲಿ ಇಗ್ಗಲೂರಿನ ಬ್ಯಾರೇಜಿನಿಂದ ಶಿಂಷೆಯ ನೀರನ್ನೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸತೊಡಗಿದ ಮೇಲೆ ಕೆರೆ ತುಂಬುವ ಕಾಲಕ್ಕೂ ಮಳೆಯ ನಕ್ಷತ್ರಕ್ಕೂ ಇದ್ದ ನಂಟು ಸಡಿಲವಾಗಿದೆ. ರೈತನಿಗೆ ಅದು ವರವೇ. ಕೂಳಿಯ ಬಾಯಿಯನ್ನು ತಿರುಗಿಸುತ್ತಿದ್ದ ಪಂಚಾಂಗ ಮಾತ್ರ ಅಲ್ಲಿಗೆ ಮುಗಿಯಿತು.

ಹಾಗೆಂದು ಮನೆಯಲ್ಲಿ ಮಾಡಿಕೊಳ್ಳುವ ಅಭ್ಯಾಸ ಪೂರ್ತಿಯಾಗಿ ಅಳಿದಿಲ್ಲ. ಖಾಲಿಯಾದ ಪ್ಲಾಸ್ಟಿಕ್ ಬಾಟಲಿಗೆ ದಾರ ಸುತ್ತಿ ಅದನ್ನೇ ಉರುಳೆಯಾಗಿ ಮಾಡಿಕೊಂಡ ಹುಡುಗರನ್ನೂ, ಚಪ್ಪಲಿಯ ರಬ್ಬರಿನಿಂದ ಬೆಂಡನ್ನು ಕತ್ತರಿಸಿಕೊಂಡವರನ್ನೂ ಯಾವ ಕೆರೆಯ ಏರಿಯ ಮೇಲಾದರೂ ಕಾಣಬಹುದು. ಕಾವೇರಿಯ ಹರಿಗೋಲಿನ ಬಿದಿರಿನ ಚೌಕಟ್ಟಿಗೆ ತೊಗಲಿನ ಬದಲು ಈಗ ಟಾರು ಬಳಿದ ಚೀಲದ ಹೊದಿಕೆ ಬಂದಿದೆ; ಹೆಣಿಗೆ ಹಳೆಯದೇ. ಹೊಸ ವಸ್ತು ದೊರೆತಾಗ ಹಳೆಯ ಬುದ್ಧಿ ಅದಕ್ಕೆ ಹೊಂದಿಕೊಳ್ಳುತ್ತದೆಂಬುದಕ್ಕೆ ಇವು ನಿದರ್ಶನಗಳು.

ಹೀಗೆ ಹೊಂದಿಕೊಳ್ಳಲಾರದೆ ಹೋಗುತ್ತಿರುವುದು ಕೂಳಿಯ ಒಳಗಡ್ಡಿಯ ಹದ, ಬೀಸುಬಲೆಯ ಕಣ್ಣು ಹೆಚ್ಚಿಸುವ ಲೆಕ್ಕ, ನೂಲಿಗೆ ಕಷಾಯ ಹಿಡಿಸುವ ಕ್ರಮ. ರಾಮನಗರ ಚನ್ನಪಟ್ಟಣಗಳ ನಡುವಣ ಹೆದ್ದಾರಿಯ ಪಕ್ಕದಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಗ್ರಾಮಜೀವನದ ಸಾಮಗ್ರಿಗಳನ್ನು ಅಷ್ಟು ಶ್ರದ್ಧೆಯಿಂದ ಕೂಡಿಸಿದ ಸಂಸ್ಥೆ ನಮ್ಮ ನಾಡಿನಲ್ಲಿ ವಿರಳ. ಅಂಥ ಸ್ಥಳದಲ್ಲಿ ಕೂಳಿಯನ್ನೋ ಬಲೆಯನ್ನೋ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಅದರ ವಿದ್ಯೆ ಉಳಿಯದು. ಅಕ್ಕೂರು, ಇಗ್ಗಲೂರು, ಮಳೂರುಗಳ ಕಡೆ ಇಂದಿಗೂ ಎಂಬತ್ತರ ಅಂಚಿನಲ್ಲಿರುವ ಬೆಸ್ತರನ್ನೂ ಮೇದರನ್ನೂ ಬೇಸಾಯಗಾರರನ್ನೂ ಕುಳ್ಳಿರಿಸಿಕೊಂಡು, ಹಸಿ ಬಿದಿರನ್ನು ಅವರ ಕೈಗೆ ಕೊಟ್ಟು, ಸೀಳುವುದರಿಂದ ಮೊದಲುಮಾಡಿ ಕಡೆಯ ಕಟ್ಟಿನವರೆಗೆ ಅವರು ಮಾಡುವುದನ್ನೂ ಆಡುವುದನ್ನೂ ಚಿತ್ರಸಹಿತವಾಗಿ ದಾಖಲಿಸಬೇಕು. ಯಾವ ಮಳೆಗೆ ಯಾವ ಹಳ್ಳದಲ್ಲಿ ಯಾವ ಮೀನು ಏರುತ್ತಿತ್ತೆಂಬುದನ್ನು ಅವರ ಬಾಯಿಂದಲೇ ಕೇಳಿ ಊರೂರಿನ ಪಟ್ಟಿ ಮಾಡಬೇಕು. ತಾಲ್ಲೂಕಿನ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳೂ ಕನ್ನಡದ ವಿದ್ಯಾರ್ಥಿಗಳೂ ಜೊತೆಗೂಡಿದರೆ ಒಂದು ಮುಂಗಾರು, ಒಂದು ಹಿಂಗಾರಿನ ಅವಧಿಯಲ್ಲಿ ಮುಗಿಯಬಲ್ಲ ಕೆಲಸವಿದು.